ತಾರಸಿ ಮೇಲಿನ ಕೂಸು

"ಇನ್ನೊಂದು ನಾಲ್ಕು ದಿನ ತಡಿ ಅಕ್ಕಾ. ಚಿತ್ರ ಬರೆಯೋರು ಬಂದು ನೋಡ್ಕೊಂಡು ಹೋಗಲಿ, ಆಮೇಲೆ ಕೂಸನ್ನ ಇಳಿಸಿದ್ರಾಯ್ತು."

ಮೆಟ್ಟಿಲ ಬುಡದಲ್ಲಿ ನಿಂತು ಕಥೆಗಾರ್ತಿ ತಂಗಿ ಹೀಗೆ ಹೇಳಿದ್ದು ಇದೇನು ಮೊದಲ ಸಲವಲ್ಲ. ಅಕ್ಕ ತಲೆ ಮೇಲಿನ ಹುಲ್ಲಿನ ಹೊರೆಯನ್ನು ಇಳಿಸದೆ ನಿಂತಲ್ಲೇ ಕೇಳಿಸಿಕೊಂಡಳು. ಬಡಗಿ ಮಾತ್ರ ಇಳಿಜಾರು ಕಟ್ಟಲೆಂದು ತಾನು ಗೋಡೆಗೆ ಒರಗಿಸಿಟ್ಟಿದ್ದ ಉದ್ದನೆಯ ಹಲಗೆಗಳನ್ನೊಮ್ಮೆ ನೋಡಿ ಮುಖ ಸಪ್ಪಗೆ ಮಾಡಿಕೊಂಡ.

"ನಾಳೆ ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ, ತಾಯಿ. ಹಲಗೆನೂ ನನ್ನ ಜೊತೆ ಬರುತ್ತೆ. ದೂರದಲ್ಲಿ ಛಾವಣಿ ಕೆಲಸ ಒಪ್ಕೊಂಡಿದೀನಿ, ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ."

"ಹೋಗ್ಲಿ ಬಿಡಪ್ಪ. ನಮ್ಮ ಪುಟ್ಟಿ ಅಷ್ಟು ಕೇಳ್ಕೊಳ್ತಿದ್ದಾಳೆ," ಅಂದಳು ಅಕ್ಕ. ಅಕ್ಕನ ಸ್ವಭಾವವೇ ಹಾಗೆ. ತಂಗಿಗೆ ಇಲ್ಲ ಅಂದು ಅವಳಿಗೆ ಅಭ್ಯಾಸವಿಲ್ಲ. ತಂಗಿಗೆ ಇಲ್ಲ ಅನ್ನಿಸಿಕೊಂಡು ಅಭ್ಯಾಸವಿಲ್ಲ.

ಆದದ್ದು ಇಷ್ಟು. ಕಳೆದ ವರ್ಷ ಹೊಳೆ ಉಕ್ಕಿ ಕೊಟ್ಟಿಗೆಗೆ ನೀರು ನುಗ್ಗಿದಾಗ, ಹುಟ್ಟಿ ವಾರವೂ ಆಗದ ಹೆಣ್ಣುಕರುವನ್ನು ಅಕ್ಕ ಗೋಣಿಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ತಾರಸಿಗೆ ಹತ್ತಿಸಿದಳು. ನೀರು ಇಳಿಯಿತು, ಕೊಟ್ಟಿಗೆಯ ಕೆಸರು ಒಣಗಲಿಲ್ಲ. ಕರುವಿಗೆ ಕಾಲಿನ ನಿತ್ರಾಣ ಬೇರೆ. ಇವತ್ತು ಇಳಿಸೋಣ, ನಾಳೆ ಇಳಿಸೋಣ ಅನ್ನುತ್ತ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ ಹಾಗೇ ಅದು ಮೈತುಂಬಿಕೊಂಡು ಬೆಳೆಯಿತು. ಇಳಿಸಲು ಹೋದರೆ ಮೊದಲ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿ ಗಡಗಡ ನಡುಗಿತು. ಎತ್ತೋಣವೆಂದರೆ ನಾಲ್ಕಾಳಿಗೂ ಜಗ್ಗದ ಭಾರ, ಮೆಟ್ಟಿಲೋ ಒಬ್ಬರು ಹಾಯುವಷ್ಟು ಕಿರಿದು. ಅಲ್ಲಿಗೆ ಅದರ ಸಂಸಾರ ತಾರಸಿಯ ಮೇಲೆಯೇ ಆಯಿತು. ಅಕ್ಕ ದಿನಾ ಹುಲ್ಲು ಹೊತ್ತಳು, ನೀರು ಹೊತ್ತಳು, ಸಗಣಿ ಹೊತ್ತು ಇಳಿಸಿದಳು. ಹೆಸರಿಡಲು ಪುರುಸೊತ್ತಾಗದೆ ಅದು ಕೂಸಾಗಿಯೇ ಉಳಿಯಿತು.

ಕಥೆಗಾರ್ತಿ ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಅವಳ ಹಿಂದಿನ ಎರಡು ಮಕ್ಕಳ ಪುಸ್ತಕಗಳನ್ನು ಕೇಳುವವರಿರಲಿಲ್ಲ. ಮೂರನೆಯದಕ್ಕೆ ಸಂಪಾದಕಿ ಬಾಗಿಲು ಅರ್ಧ ಮುಚ್ಚಿಯೇ ಮಾತಾಡುತ್ತಿದ್ದಳು. ಅಂಥದ್ದರಲ್ಲಿ ಕೂಸು ಸಿಕ್ಕಿತು. 'ತಾರಸಿಯ ರಾಣಿ' ಎಂದು ಒಂದೇ ವಾರದಲ್ಲಿ ಬರೆದು ಮುಗಿಸಿದಳು. ರಾಣಿಗೆ ಕೆಳಗಿಳಿಯುವ ಮನಸ್ಸೇ ಇಲ್ಲ. ಕಾಗೆಗಳ ಜೊತೆ ಹರಟೆ, ಮೋಡಗಳಿಗೆ ಅಪ್ಪಣೆ, ಸಂಜೆಯಾದರೆ ವಾಯುವಿಹಾರ. ಸಂಪಾದಕಿ ಓದಿ ಫೋನಿನಲ್ಲೇ ಕುಣಿದಳು. ಚಿತ್ರಕಾರ ಮಾತ್ರ ಹಟದ ಮನುಷ್ಯ. ಫೋಟೋ ನೋಡಿ ಬರೆಯುವುದಿಲ್ಲ, ಮೇಲಿದ್ದಾಗಲೇ ಕಣ್ಣಾರೆ ನೋಡಬೇಕು ಎಂದ. ಬರುತ್ತೇನೆಂದು ಹೇಳಿ ಎರಡು ಸಲ ಕೈಕೊಟ್ಟಿದ್ದ. ಕೂಸು ಕೆಳಗಿಳಿದರೆ ಅದು ಕೊಟ್ಟಿಗೆಯ ಇನ್ನೊಂದು ಹಸು, ಅಷ್ಟೆ. ಪುಸ್ತಕದ ಕಥೆ ಮುಗಿಯಿತು.

ಆ ಸಂಜೆ ಅಕ್ಕನ ಮಂಡಿ ಊದಿಕೊಂಡು ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ.

"ಒಂದು ಸಲ ನೀನೇ ನೀರು ಇಟ್ಟು ಬಾರೇ," ಅಂದಳು. "ಬಕೆಟ್ ತುಂಬಾ ತುಂಬಬೇಡ, ಚೆಲ್ಲಿದ್ರೆ ಜಾರುತ್ತೆ."

ಕಥೆಗಾರ್ತಿ ಏದುಸಿರು ಬಿಡುತ್ತ ಹತ್ತಿದಳು. ಇಷ್ಟು ದಿನ ಅವಳು ಕೂಸನ್ನು ನೋಡಿದ್ದು ಅಂಗಳದ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಕಾಫಿ ಲೋಟ ಹಿಡಿದು. ಮೋಟುಗೋಡೆಯ ಮೇಲೆ ಒಂದು ತಲೆ ಗಂಭೀರವಾಗಿ ಅತ್ತಿಂದಿತ್ತ ಹೋಗುವುದು ಕಾಣುತ್ತಿತ್ತು. ವಾಯುವಿಹಾರ ಹುಟ್ಟಿದ್ದು ಅಲ್ಲಿಂದಲೇ. ಈಗ ಇಡೀ ಮೈ ಕಂಡಿತು. ಸಿಮೆಂಟಿನ ಮೇಲೆ ಮಲಗಿ ಎದ್ದು ಮೊಣಕಾಲಿನ ಕೂದಲು ಸವೆದು ಕೆಂಪಗಾಗಿತ್ತು. ನೀರಿನ ಟ್ಯಾಂಕಿನಿಂದ ಮೋಟುಗೋಡೆಯವರೆಗೆ ನೆಲ ಒಂದು ಪಟ್ಟಿಯಷ್ಟು ನುಣ್ಣಗಾಗಿ ಹೊಳೆಯುತ್ತಿತ್ತು. ಕೂಸು ಆ ಪಟ್ಟಿಯ ಮೇಲೇ ನಡೆಯಿತು, ಗೋಡೆಗೆ ಹಣೆ ತಾಗಿಸಿತು, ತಿರುಗಿತು, ಮತ್ತೆ ನಡೆಯಿತು. ಹಣೆ ತಾಗುವ ಜಾಗದಲ್ಲಿ ಗೋಡೆ ಜಿಡ್ಡು ಹಿಡಿದು ಕಪ್ಪಾಗಿತ್ತು.

ಅವಳು ಬಕೆಟ್ ಇಟ್ಟು "ಬಾರಮ್ಮ" ಅಂದಳು. ಅದು ತಿರುಗಿಯೂ ನೋಡಲಿಲ್ಲ. ನಡೆಯಿತು, ಹಣೆ ತಾಗಿಸಿತು, ತಿರುಗಿತು. ಅವಳಿಗೆ ತನ್ನ ವಾಯುವಿಹಾರದ ಪುಟ ನೆನಪಾಗಿ ಮೈಯೆಲ್ಲ ನಾಚಿಕೆಯಾಯಿತು.

ಕೆಳಗಿಳಿದು ಬಂದವಳೇ, "ಬಡಗಿಗೆ ಹೇಳಿ ಕಳಿಸು. ಬೆಳಿಗ್ಗೆನೇ ಇಳಿಸೋಣ," ಅಂದಳು.

"ಮತ್ತೆ ನಿನ್ನ ಪುಸ್ತಕ?"

"ಹಾಳಾಗಿ ಹೋಗ್ಲಿ ಅತ್ಲಾಗೆ."

ಅಕ್ಕ ಮಂಡಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದಳು.

ಬೆಳಿಗ್ಗೆ ಬಡಗಿ ಮೆಟ್ಟಿಲ ಮೇಲೆ ಹಲಗೆ ಹಾಸಿ, ಅಡ್ಡಪಟ್ಟಿ ಬಡಿದು ಇಳಿಜಾರು ಮಾಡಿದ. ಅಕ್ಕ ಕುಂಟುತ್ತಲೇ ಹತ್ತಿ ಹಗ್ಗ ಹಿಡಿದಳು. ಕೂಸು ತುದಿಯವರೆಗೆ ಬಂತು, ಒಂದು ಕಾಲನ್ನು ಹಲಗೆಯ ಮೇಲಿಟ್ಟಿತು, ಹಲಗೆ ಕಿರ್ ಅಂದದ್ದಕ್ಕೆ ಅಲ್ಲೇ ಕಲ್ಲಾಗಿ ನಿಂತಿತು. ಬೆಳಗಿನ ಬಿಸಿಲು ಅದರ ಕಿವಿಗಳ ಹಿಂದಿನಿಂದ ಬೀಳುತ್ತಿತ್ತು.

ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಹೆಗಲಿಗೆ ಚೀಲ ಹಾಕಿಕೊಂಡು, ಹೇಳದೆ ಕೇಳದೆ ಚಿತ್ರಕಾರ ಬರುತ್ತಿದ್ದ. ತಲೆಯೆತ್ತಿ ನೋಡಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಹಾಳೆ ತೆಗೆದ.

"ಎಂಥ ನಿಲುವು ರೀ ಇದು. ಮುಖಪುಟಕ್ಕೆ ಇದೇ. ಒಂದರ್ಧ ಗಂಟೆ ಹಾಗೇ ಹಿಡ್ಕೊಂಡಿರಿ, ಅಲ್ಲಾಡಿಸಬೇಡಿ."

ಅಕ್ಕ ಹಗ್ಗ ಸಡಿಲಿಸಿ ತಂಗಿಯತ್ತ ನೋಡಿದಳು. ಬಡಗಿಯೂ ನೋಡಿದ. ಇಷ್ಟು ದಿನ ಕಾದದ್ದು ಈ ಅರ್ಧ ಗಂಟೆಗೇ. ಕೂಸಿನ ಎತ್ತಿಟ್ಟ ಕಾಲು ಹಲಗೆಯ ಮೇಲೆ ನಡುಗುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅದು ಹಿಂದಕ್ಕೆ ಹೋಗುತ್ತದೆ, ಹೋದರೆ ಮತ್ತೆ ಬರುವುದಿಲ್ಲ.

"ಇಲ್ಲಪ್ಪ, ಆಗಲ್ಲ," ಅಂದಳು. "ಅಕ್ಕಾ, ಆ ಹಳೇ ಗೋಣಿಚೀಲ ಎಲ್ಲಿದೆ?"

ಟ್ಯಾಂಕಿನ ಮೂಲೆಯಲ್ಲಿತ್ತು. ಕರುವಾಗಿದ್ದಾಗ ಸುತ್ತಿ ತಂದದ್ದು, ಈಗಲೂ ಅದರ ಹಾಸಿಗೆ. ಅಕ್ಕ ಎಸೆದಳು. ಕಥೆಗಾರ್ತಿ ಹಲಗೆ ಹತ್ತಿ ಹೋಗಿ ಅದನ್ನು ಕೂಸಿನ ಕಾಲ ಮುಂದೆ ಹಾಸಿದಳು. ಕೂಸು ಮೂಸಿತು, ಕಾಲಿಟ್ಟಿತು. ಅವಳು ಚೀಲವನ್ನು ಇಂಚಿಂಚು ಕೆಳಗೆಳೆಯುತ್ತ ಹಿಂದಕ್ಕೆ ಸರಿದಳು, ಕೂಸು ಅದರ ವಾಸನೆ ಹಿಡಿದು ಒಂದೊಂದೇ ಹೆಜ್ಜೆ ಇಳಿಯಿತು. ಪೆನ್ಸಿಲ್ ಹಿಡಿದವನು ಬರೆಯುವುದನ್ನೇ ಮರೆತಿದ್ದ.

ಅಂಗಳದ ಮಣ್ಣು ಮುಟ್ಟಿದಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹಗ್ಗ ಬಿಚ್ಚಿದಳು. ಮುಂದೆ ಬಯಲು, ಅದರಾಚೆ ಹುಲ್ಲು, ಎಲ್ಲೂ ಬೇಲಿಯಿಲ್ಲ.

"ಹೋಗೇ ತಾಯಿ, ಎಲ್ಲಿ ಬೇಕೋ ಹೋಗು."

ಕೂಸು ನಡೆಯಿತು. ಸ್ವಲ್ಪ ದೂರ ಹೋಗಿ ನಿಂತಿತು. ಎದುರಿಗೆ ಏನೂ ಇಲ್ಲದ ಕಡೆ ತಲೆ ತಗ್ಗಿಸಿ ಹಣೆ ಮುಂದೆ ಮಾಡಿತು. ತಿರುಗಿತು. ಅಷ್ಟೇ ದೂರ ವಾಪಸು ಬಂತು. ಮತ್ತೆ ತಿರುಗಿತು.

"ಏನ್ ಮಾಡ್ತಿದೆ ಅದು?" ಚಿತ್ರಕಾರ ಕೇಳಿದ.

ಕಥೆಗಾರ್ತಿ ಕೈಯಲ್ಲೊಂದು ಹಿಡಿ ಹಸಿ ಹುಲ್ಲು ಹಿಡಿದು, ಅದು ತಿರುಗುವ ಜಾಗಕ್ಕೆ ಹೋಗಿ ನಿಂತಳು. ಇಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗೋಣವೆಂದು. ಕೂಸು ಬಂತು. ಅವಳ ಹೊಟ್ಟೆಗೆ ಹಣೆ ತಾಗಿಸಿ ಒಂದು ಗಳಿಗೆ ನಿಂತಿತು. ಆಮೇಲೆ ತಿರುಗಿ ನಡೆಯಿತು.