ಬೇಕರಿಯವನು ತಿಂದ ಅವಿಭಾಜ್ಯ ಸಂಖ್ಯೆ

ಬೇಕರಿಯವನ ಹೆಂಡತಿ ಗಣಿತದ ಟೀಚರು. ನಿವೃತ್ತಿಯಾದ ಮೇಲೆ ಅಂಗಡಿಯ ಗಲ್ಲಾದಲ್ಲಿ ತಾನೇ ಕೂರುತ್ತೇನೆಂದು ಬಹಳ ದಿನಗಳಿಂದ ಹೇಳುತ್ತಿದ್ದಳು. ಅವನಿಗೋ ಅದು ನುಂಗಲಾರದ ತುತ್ತು. ಬನ್ನು ಕೊಳ್ಳಲು ಬಂದವರಿಗೆ ಇವಳು ಮಗ್ಗಿ ಕೇಳಿದರೆ ವ್ಯಾಪಾರ ನಡೆದಂತೆಯೇ!

ಬೀಳ್ಕೊಡುಗೆಯ ಕೇಕಿನ ಮೇಲೆ ತನ್ನ ಹೆಸರು ಬೇಡ, ಬಿಸ್ಕತ್ತಿನ ಅಂಕಿಗಳಲ್ಲಿ 73939133 ಎಂದಿರಲಿ ಎಂದಳು.

"ಯಾರ ಫೋನ್ ನಂಬರು ಇದು?"

"ಅವಿಭಾಜ್ಯ ಸಂಖ್ಯೆ ಕಣ್ರೀ. ಒಂದು, ಇಲ್ಲಾ ಅದೇ ಸಂಖ್ಯೆ. ಬೇರೆ ಯಾವುದ್ರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ."

"ಥೇಟ್ ನಿನ್ನ ಹಾಗೇ. ಯಾರಿಗೂ ಬಗ್ಗಲ್ಲ."

ಕೊನೆಯ ಮೂರನ್ನು ನಾಲ್ಕು ಮಾಡಿಬಿಡಲೇ ಎಂದು ಒಲೆಯ ಮುಂದೆ ಅವನ ಕೈ ತುರಿಸಿತು. ಸಮಸಂಖ್ಯೆಯಾದರೆ ಎರಡೇ ಸಾಕು, ಕಥೆ ಮುಗಿಯಿತು. ಆದರೆ ಅವಳದು ಹದ್ದಿನ ಕಣ್ಣು. ಬೇರೆ ಉಪಾಯ ಹೊಳೆದು ಒಬ್ಬನೇ ನಕ್ಕ.

ಸಂಜೆ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಅವನು ತೋಳು ಮಡಚಿದ. "ಈ ಸಂಖ್ಯೇನ ನಾನು ಹಲ್ಲಲ್ಲೇ ಒಡೀತೀನಿ. ಒಂದೊಂದೇ ಅಂಕಿ ತಿಂತಾ ಹೋದ್ರೆ ಎಲ್ಲಾದ್ರೂ ಭಾಗ ಆಗ್ಲೇಬೇಕು. ಭಾಗ ಆದ್ರೆ ನೀನು ಗಲ್ಲಾದ ಆಸೆ ಬಿಡ್ಬೇಕು."

"ಆಗ್ದಿದ್ರೆ ನಾಳೆಯಿಂದ್ಲೇ ಗಲ್ಲಾ ನಂದು," ಎಂದವಳು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು. "ಬಲಗಡೆಯಿಂದ ತಿನ್ನಿ. ಎಡಗಡೆ ತುದೀದು ನನಗಿರ್ಲಿ."

ಪಾಪ, ಅವಳಿಗೂ ಆಸೆಯಿರಬಹುದು ಎಂದುಕೊಂಡು ಅವನು ಒಪ್ಪಿದ. ವಿಜ್ಞಾನದ ಮೇಷ್ಟ್ರು ಕಂಪ್ಯೂಟರ್ ಮುಂದೆ ತೀರ್ಪುಗಾರರಾಗಿ ಕುಳಿತರು.

ಕೊನೆಯ ಮೂರು ಹೊಟ್ಟೆ ಸೇರಿತು.

"7393913. ಅವಿಭಾಜ್ಯ!"

ಇನ್ನೊಂದು ಮೂರನ್ನು ಕಚ್ಚಿದ. "ಇದೂ ಅವಿಭಾಜ್ಯ!"

ಒಂದನ್ನು ತಿಂದ, ಒಂಬತ್ತನ್ನು ತಿಂದ. ಅಂಗೈಯಗಲದ ಬಿಸ್ಕತ್ತುಗಳು, ಮೆರೆಯಲೆಂದು ದಪ್ಪಗೆ ಮಾಡಿದ್ದವನೂ ಅವನೇ. ಗಂಟಲು ಒಣಗಿತು, ಹಣೆ ಬೆವರಿತು. ಪ್ರತಿ ಸಲವೂ ಮೇಷ್ಟ್ರು ಮೊದಲಿಗಿಂತ ಜೋರಾಗಿ "ಅವಿಭಾಜ್ಯ!" ಎನ್ನುವುದು, ಮಿಕ್ಕವರು ಚಪ್ಪಾಳೆ ತಟ್ಟುವುದು. ತಟ್ಟೆಯಲ್ಲಿ 73 ಉಳಿದಾಗ ಅದಕ್ಕೆ ಕಂಪ್ಯೂಟರ್ ಬೇಕಾಗಿರಲಿಲ್ಲ. ಆ ಮೂರನ್ನೂ ನೀರು ಕುಡಿದು ಕುಡಿದು ಇಳಿಸಿದ. ಒಂಟಿ ಏಳು ಉಳಿಯಿತು.

ಟೀಚರು ಅದನ್ನೆತ್ತಿ ಕಟುಂ ಎಂದು ಕಡಿದಳು. "ಚೆನ್ನಾಗಿ ಬೆಂದಿದೆ. ಮೊದಲ್ನೇ ತುತ್ತಿಗೆ ಈ ಏಳನ್ನ ತಿಂದಿದ್ರೆ ಗೆದ್ದಿರ್ತಿದ್ರಿ. ಮಿಕ್ಕಿದ್ದು ಹನ್ನೊಂದರಿಂದ ಭಾಗ ಆಗೋದು."

ಅವನು ಬಾಯಿ ತೆರೆದ. ತೇಗು ಮಾತ್ರ ಬಂತು.

ಮರುದಿನ ಗಲ್ಲಾದ ಹಿಂದೆ ಅವಳಿದ್ದಳು. ಇವನು ಒಳಗೆ ಮುಖ ಊದಿಸಿಕೊಂಡು ಹಿಟ್ಟು ನಾದುತ್ತಿದ್ದ. ಹೊರಗೆ ಅವಳು ಕೇಳಿದ ಲೆಕ್ಕಕ್ಕೆ ಗಿರಾಕಿಗಳ ನಡುವೆ ಆಗಲೇ ಜಗಳ. ತೊಂಬತ್ತೊಂದು ಅವಿಭಾಜ್ಯವೇ ಅಂತ ದರ್ಜಿ ಪಟ್ಟು ಹಿಡಿದಿದ್ದ. ಬ್ರೆಡ್ಡು ಕೊಂಡವರು ಯಾರೂ ಕದಲುತ್ತಿರಲಿಲ್ಲ.

ಇವನಿಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಕೂಗಿದ: "ಹದಿಮೂರೇಳ್ಲಿ ತೊಂಬತ್ತೊಂದು ಕಣಯ್ಯಾ! ಅಷ್ಟೂ ಗೊತ್ತಾಗಲ್ವಾ?"