ಸಿಕ್ಸ್ತೊನ ನಿಯತ್ತು

"ಏನ್ ಕೇಳಿದ್ರೂ ಎಂಟು ವರ್ಷ ಕಾಡಲ್ಲಿದ್ದೆ ಅನ್ನು. ಅದ್ರ ಮೇಲೆ ಒಂದ್ ಮಾತೂ ಬೇಡ," ಎಂದು ಎವಾರಿಸ್ತೊ ತಮ್ಮನ ಕಿವಿಯಲ್ಲಿ ಮೂರನೆಯ ಸಲ ಹೇಳಿದ.

ಸಿಕ್ಸ್ತೊ ತಲೆಯಾಡಿಸಿದ. ಪುರಸಭೆಯ ಜಗಲಿಯಲ್ಲಿ ಬೆಳಗಿನಿಂದ ನಿಂತು ಇಬ್ಬರ ಕಾಲೂ ಸೋತಿದ್ದವು. ಹತ್ತು ವರ್ಷ ಹೊಡೆದಾಡಿ ಕ್ಯೂಬಾದ ಬಂಡಾಯಗಾರರೂ ಸ್ಪೇನಿನ ಸರ್ಕಾರವೂ ಕೊನೆಗೆ ರಾಜಿಯಾಗಿದ್ದರು. ಬಂಡಾಯ ಸೇರಿದ್ದ ಗುಲಾಮರಿಗೆಲ್ಲ ಬಿಡುಗಡೆ. ಓಡಿಹೋಗದೆ ಧಣಿಯ ತೋಟದ ಕಾಫಿ ಬಿಡಿಸಿಕೊಂಡು ಇದ್ದವರು ಮಾತ್ರ ಗುಲಾಮರಾಗಿಯೇ ಇರಬೇಕು. ಈ ನ್ಯಾಯ ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ಜನ ಸಾಲು ನಿಂತಿದ್ದರು.

ಎವಾರಿಸ್ತೊ ಓಡಿಹೋಗಿದ್ದವನು, ಅವನ ಬಿಡುಗಡೆ ಪತ್ರ ಆಗಲೇ ಜೇಬಿನಲ್ಲಿತ್ತು. ಸಿಕ್ಸ್ತೊ ಓಡಲಿಲ್ಲ. ಸೊಂಟ ಬಿದ್ದುಹೋಗಿದ್ದ ತಾಯಿಯನ್ನು ಎತ್ತಿ ಕೂರಿಸಲು ಒಬ್ಬರು ಬೇಕಿತ್ತು. ಆಕೆ ಹೋದ ಮಳೆಗಾಲದಲ್ಲಿ ತೀರಿಕೊಂಡಳು.

"ಅಂತೂ ನಿಮ್ಮ ನಾಯಕರು ಒಳ್ಳೇವ್ರು ಅಣ್ಣ. ನಮ್ಮನ್ನೂ ಮನುಷ್ಯರು ಅಂದ್ರಲ್ಲ."

"ಅಯ್ಯೋ ಮಂಕೇ! ಕತ್ತಿ ಹಿಡಿಯೋಕೆ ಜನ ಸಾಲ್ಲಿಲ್ಲ, ಅದಕ್ಕೆ ಅಂದ್ರು. ಈಗ ಈ ಸ್ಪೇನಿನವ್ರು, ನಾವು ಮತ್ತೆ ಕತ್ತಿ ಹಿಡೀತೀವಿ ಅಂತ ಹೆದರಿ ಬಿಡ್ತಿದಾರೆ. ಯಾಕ್ ಬಿಟ್ರೆ ನಿಂಗೇನೋ? ಪತ್ರ ಇಸ್ಕೋ."

ಒಳಗೆ ಮೇಜಿನ ಹಿಂದೆ ಕೂತ ಸ್ಪೇನಿನ ಅಧಿಕಾರಿಗೆ ಜ್ವರವಿದ್ದಂತಿತ್ತು. ಯಾವ ಪಡೆ ಎಂದು ಕೇಳಿದ. "ನನ್ ಪಡೇನೇ ಸ್ವಾಮಿ, ನಾನೇ ಸಾಕ್ಷಿ," ಎಂದ ಎವಾರಿಸ್ತೊ. ಅಧಿಕಾರಿ ಲೇಖನಿಯನ್ನು ಮಸಿಗದ್ದಿ ಹೆಸರು ಬರೆಯತೊಡಗಿದ.

ಅಷ್ಟರಲ್ಲಿ ಬಾಗಿಲಲ್ಲಿ ಧಣಿ ದೋನ್ ಅನ್ಸೆಲ್ಮೊ ಕಾಣಿಸಿಕೊಂಡ. ಉಪ್ಪು ಕೊಳ್ಳಲು ಪೇಟೆಗೆ ಬಂದವನು, ತನ್ನ ಆಳು ಅಧಿಕಾರಿಯ ಮುಂದೆ ಕೈಕಟ್ಟಿ ನಿಂತಿದ್ದನ್ನು ಕಂಡು ಗಾಬರಿಯಿಂದ ಒಳಗೆ ನುಗ್ಗಿದ್ದ.

"ಇವನನ್ನ ಯಾಕೆ ಹಿಡಿದಿದೀರಿ? ಇವನು ಬಂಡಾಯಗಾರ ಅಲ್ಲ! ಒಂದು ದಿನವೂ ತೋಟ ಬಿಟ್ಟು ಕದಲಿದವನಲ್ಲ. ಬಂಡಾಯಗಾರರು ಮನೆಗೆ ಬೆಂಕಿ ಹಚ್ಚೋಕೆ ಬಂದಾಗ ಗಂಟೆ ಹೊಡೆದು ನಮ್ಮ ಜೀವ ಉಳಿಸಿದ. ಚಿನ್ನದಂಥ ಆಳು, ಬೇಕಾದರೆ ನಾನು ಬರೆದುಕೊಡ್ತೀನಿ!"

ಅವನ ದನಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅದೇ ನೋಡಿ ಕರ್ಮ.

ಎವಾರಿಸ್ತೊ ಗೋಡೆ ನೋಡಿದ. ಅಧಿಕಾರಿ ಅರ್ಧ ಬರೆದ ಹೆಸರಿನ ಮೇಲೆ ನಿಧಾನವಾಗಿ ಗೀಟು ಎಳೆದ.

"ನಿಯತ್ತಿನವರಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲಪ್ಪ," ಎಂದ. "ಕತ್ತಿ ಹಿಡಿದವರಿಗೆ ಸರ್ಕಾರ ಹೆದರುತ್ತೆ. ನಿನಗೆ ಯಾರು ಹೆದರ್ತಾರೆ? ಮುಂದಿನವರು ಬನ್ನಿ."

ತನ್ನ ಮಾತೇ ಸಿಕ್ಸ್ತೊನ ಬಿಡುಗಡೆ ತಪ್ಪಿಸಿತೆಂದು ಹೊರಗೆ ಬಂದ ಮೇಲೆ ಅನ್ಸೆಲ್ಮೊಗೆ ತಿಳಿಯಿತು. ಅವನ ಮುಖ ಕೆಂಪಾಯಿತು. ಕತ್ತೆಗಾಡಿ ಏರಿ ಕೂತು, ಕಡಿವಾಣ ಕೈಗೆತ್ತಿಕೊಂಡ.

"ಆಗಿದ್ದಾಯ್ತು, ಹತ್ತೋ. ಇವತ್ತು ಹಿಂದೆ ನಡೀಬೇಡ, ನನ್ ಪಕ್ಕ ಕೂತ್ಕೋ. ನೀನು ಅವತ್ತು ಮಾಡಿದ ಉಪಕಾರ ನಾನು ಮರೆತಿಲ್ಲ."

ಸಿಕ್ಸ್ತೊ ಗಾಡಿಯತ್ತ ಎರಡು ಹೆಜ್ಜೆ ಹೋಗಿ ನಿಂತ.

"ಅವತ್ತು ಗಂಟೆ ಹೊಡೆದಿದ್ದು ನಿಮಗಲ್ಲ ಧಣಿ. ಅಮ್ಮ ಒಳಗಿದ್ಲು."

ಹೇಳಿದವನು ತಿರುಗಿ ಬಂದು ಪುರಸಭೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಎವಾರಿಸ್ತೊ ಪಕ್ಕದಲ್ಲಿ ಕುಳಿತುಕೊಂಡ. ಧಣಿ ಇನ್ನೊಂದು ಸಲ ಕರೆದ, ಆಮೇಲೆ ಗದರಿಸಿದ. ಗಾಡಿ ಬಿಸಿಲಲ್ಲೇ ನಿಂತಿತ್ತು. ಧಣಿಯ ಪಕ್ಕದ ಜಾಗ ಖಾಲಿಯಿತ್ತು.