ಗಂಟಿನೊಳಗಿಲ್ಲದ ದನಿ

ಗ್ರಂಥಪಾಲಕಿ ಮೂರನೆಯ ಸಲ ಕೈಗಡಿಯಾರ ನೋಡಿಕೊಂಡರು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪುಸ್ತಕದ ಪುಟವೇನೋ ತೆರೆದುಕೊಂಡಿತ್ತು. ಅದನ್ನು ಓದಿ ಹೇಳಬೇಕಾದ ದನಿ ಮಾತ್ರ ಹೊರಡುತ್ತಿರಲಿಲ್ಲ. ಅಣ್ಣ ಕೀಬೋರ್ಡನ್ನು ತಡವಿ, ಅಂಚಿನಿಂದ ಎಣಿಸಿ, ಮತ್ತೆ ಒತ್ತಿದ. ಊಹೂಂ.

"ಬೇರೆ ಯಾವುದೋ ಕೀ ಒತ್ತಿದೀಯ ಅಣ್ಣ. ಸ್ವಲ್ಪ ನೋಡಿ ಒತ್ತು," ಎಂದಳು ತಂಗಿ.

ಎಂಟು ವರ್ಷದಿಂದ ಕಣ್ಣು ಕಾಣದವನಿಗೆ ಹೇಳುವ ಮಾತೇ ಅದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗ್ರಂಥಪಾಲಕಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಅಣ್ಣ ಮಾತ್ರ ನಕ್ಕ.

"ನಮ್ಮ ಕಂಪ್ಯೂಟರಲ್ಲಿರೋ ಸಿಸ್ಟಂ ಬೇರೆ ಅಲ್ವಾ, ಅದಕ್ಕೇನಾದ್ರೂ..." ಗ್ರಂಥಪಾಲಕಿ ಅನುಮಾನಿಸುತ್ತ ಕೇಳಿದರು.

"ಇಲ್ಲ ಮೇಡಂ. ಯಾವ ಸಿಸ್ಟಂ ಆದ್ರೂ ಓಡುತ್ತೆ, ಐದರಲ್ಲಿ ಪರೀಕ್ಷೆ ಮಾಡಿದೀನಿ," ಎಂದು ತಂಗಿ, ಓದುವ ತಂತ್ರಾಂಶವನ್ನು ತುಂಬಿ ತಂದಿದ್ದ ಪೆನ್‌ಡ್ರೈವನ್ನು ಕಿತ್ತು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ದನಿ ಸಭಾಂಗಣದ ಭಾಷಣಕಾರನಂತೆ ಗಟ್ಟಿಯಾಗಿ ಓದತೊಡಗಿತು. "ನೋಡಿ, ಹೇಗೆ ಮಾತಾಡ್ತಿದೆ!"

ಹಾಗಾದರೆ ತಪ್ಪು ಯಾರದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಣ್ಣನೇ ಹೇಳಿದ: "ಬೆರಳು ಜಡ್ಡುಗಟ್ಟಿದೆ ಮೇಡಂ. ಕ್ಷಮಿಸಿ." ಮುದ್ರಣಾಲಯದಲ್ಲಿ ಹದಿನೇಳು ವರ್ಷ ಕರಡು ತಿದ್ದಿದವನು. ಕಣ್ಣು ಹೋದ ಮೇಲೆ ಮೊದಲ ಸಲ ಒಂದು ಕೆಲಸ ಕೈಗೆ ಬರುವುದರಲ್ಲಿತ್ತು. ಕಾಣದ ಓದುಗರಿಗಾಗಿ ಗ್ರಂಥಾಲಯ ತೆರೆಯುತ್ತಿದ್ದ ಹೊಸ ವಿಭಾಗವನ್ನು ಅವನೇ ನೋಡಿಕೊಳ್ಳಬೇಕಿತ್ತು. ಅಲ್ಲಿನ ಕಂಪ್ಯೂಟರನ್ನು ಒಬ್ಬನೇ ನಡೆಸಿ ತೋರಿಸಿದರೆ ಸಾಕಿತ್ತು.

ತಂಗಿಯ ಕಸುಬು ಗಂಟು ಕಟ್ಟುವುದು. ಯಾರು ಬೇಕಾದರೂ ಬಿಚ್ಚಿ ತಿದ್ದಿ ಹಂಚಬಹುದಾದ ಆಪರೇಟಿಂಗ್ ಸಿಸ್ಟಂಗಳು ಹತ್ತಾರಿವೆ, ಒಂದೊಂದರ ಮನೆಪದ್ಧತಿ ಒಂದೊಂದು. ಒಂದರಲ್ಲಿ ಸುಖವಾಗಿದ್ದ ತಂತ್ರಾಂಶ ಇನ್ನೊಂದಕ್ಕೆ ಹೋದರೆ ಅದಿಲ್ಲ ಇದಿಲ್ಲ ಎಂದು ಮುಷ್ಕರ ಹೂಡುತ್ತದೆ. ಅದಕ್ಕೆ ಬೇಕಾದ್ದನ್ನೆಲ್ಲ ಜೊತೆಗೇ ಸೇರಿಸಿ ಒಂದೇ ಕಡತವಾಗಿ ಕಟ್ಟಿಬಿಟ್ಟರೆ, ಹಾಸಿಗೆ ಹೊದಿಕೆ ಉಪ್ಪಿನ ಸಮೇತ ಬರುವ ನೆಂಟನ ಹಾಗೆ, ಯಾರ ಮನೆಯಲ್ಲೂ ಏನೂ ಕೇಳದೆ ಇದ್ದುಕೊಳ್ಳುತ್ತದೆ. ಕಚೇರಿಯಲ್ಲಿ ಅವಳಿಗೆ 'ಮೂಟೆಯಮ್ಮ' ಎಂಬ ಅಡ್ಡಹೆಸರು. ಆ ಹೆಸರಿನ ಮೇಲೆ ಅವಳಿಗೆ ಒಳಗೊಳಗೇ ಜಂಬ.

ನಾಲ್ಕು ದಿನ ಕಳೆದ ಮೇಲೆ ಪಕ್ಕದ ಮೇಜಿನವಳಿಗೆ ಹೊಸ ಕಂಪ್ಯೂಟರ್ ಬಂತು. ಮೂಟೆಯಮ್ಮ ತನ್ನ ಜಾಣ್ಮೆ ತೋರಿಸಲೆಂದೇ ಅಣ್ಣನಿಗಾಗಿ ಕಟ್ಟಿದ ಗಂಟನ್ನು ಅದರಲ್ಲಿ ಬಿಚ್ಚಿದಳು. ಪುಟ ತೆರೆಯಿತು. ಕೀ ಒತ್ತಿದಳು. ದನಿಯಿಲ್ಲ. ಮತ್ತೆ ಒತ್ತಿದಳು. ಈ ಸಲ ಬೆರಳು ಅವಳದೇ, ಕಣ್ಣೂ ನೆಟ್ಟಗಿತ್ತು.

"ಏನಾಯ್ತೇ, ನಿನ್ನ ಮೂಟೇಲಿ ತೂತಾ?" ಎಂದಳು ಪಕ್ಕದವಳು.

ತೂತು ಸಿಗಲು ಕಾಲು ಗಂಟೆಯೂ ಬೇಕಾಗಲಿಲ್ಲ. ಓದುವ ದನಿಯ ಕಡತವನ್ನು ಅವಳು ಗಂಟಿನೊಳಗೆ ಹಾಕಿಯೇ ಇರಲಿಲ್ಲ. ಅದು ಅವಳ ಸ್ವಂತ ಫೋಲ್ಡರಿನಲ್ಲೇ ಕುಳಿತಿತ್ತು. ಪರೀಕ್ಷೆಗೆ ಬಳಸಿದ ಆ ಐದು ಸಿಸ್ಟಂಗಳನ್ನೂ ಅವಳು ಬೇರೆ ಬೇರೆ ಕಂಪ್ಯೂಟರುಗಳಲ್ಲಲ್ಲ, ತನ್ನ ಲ್ಯಾಪ್‌ಟಾಪಿನ ಒಳಗೇ ನಡೆಸಿದ್ದಳು. ಪ್ರತಿಸಲ ಕಡತ ಸಾಗಿಸುವುದು ಯಾರಿಗೆ ಬೇಕೆಂಬ ಸೋಮಾರಿತನಕ್ಕೆ ಐದರಿಂದಲೂ ತನ್ನ ಫೋಲ್ಡರಿಗೆ ಬಾಗಿಲು ತೆರೆದಿಟ್ಟಿದ್ದಳು. ಐದೂ ಆ ಬಾಗಿಲಿನಿಂದ ಕೈಚಾಚಿ ದನಿಯನ್ನು ಎರವಲು ಪಡೆದಿದ್ದವು. ಹೊರಗಿನ ಕಂಪ್ಯೂಟರಿಗೆ ಆ ಬಾಗಿಲು ಎಲ್ಲಿಂದ ಬರಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಅಣ್ಣನ ಬೆರಳು ಡೊಂಕು ಅಂದಿದ್ದಳು, ಅದೂ ಕೆಲಸ ಕೊಡುವವರ ಎದುರಿಗೆ. ಆ ದಿನ ಗ್ರಂಥಾಲಯದ ಕಂಪ್ಯೂಟರಿನಲ್ಲೇ ತಾನೊಮ್ಮೆ ಕೀ ಒತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಒತ್ತುವುದು ಬೇಡವೆಂದು ಒಳಗೆಲ್ಲೋ ಅನ್ನಿಸಿತ್ತೇ? ಹೌದು, ಅನ್ನಿಸಿತ್ತು. ಅದನ್ನು ನೆನೆದಾಗ ಭೂಮಿ ಬಾಯ್ಬಿಟ್ಟರೆ ಇಳಿದುಹೋಗೋಣವೆನಿಸಿತು.

ಗ್ರಂಥಪಾಲಕಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡಳು.

"ಆ ಕೆಲಸ ನನಗೆ ಬೇಡ, ಕೈ ಹಿಡಿತ ಇರೋರನ್ನ ಯಾರನ್ನಾದ್ರೂ ನೋಡಿಕೊಳ್ಳಿ ಅಂತ ನಿನ್ನೆ ನಿಮ್ಮಣ್ಣನೇ ಫೋನ್ ಮಾಡಿ ಹೇಳಿದ್ರಮ್ಮ," ಎಂದರು ಅವರು. "ಸೋಮವಾರದ ತನಕ ಯಾರನ್ನೂ ತಗೊಳ್ಳಲ್ಲ. ಆದ್ರೆ ಬರ್ತೀನಿ ಅಂತ ಅವರೇ ಹೇಳ್ಬೇಕು."

ಗಂಟನ್ನು ಹೊಸದಾಗಿ ಕಟ್ಟಿ, ಪಕ್ಕದವಳ ಕಂಪ್ಯೂಟರಿನಲ್ಲಿ ಓದಿಸಿ ನೋಡಿ, ಮಧ್ಯಾಹ್ನವೇ ರಜೆ ಹಾಕಿ ಅಣ್ಣನ ಮನೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಅಣ್ಣ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದ. ತೊಡೆಯ ಮೇಲೊಂದು ಹಳೆಯ ಕೀಬೋರ್ಡು, ಅದರ ತಂತಿ ಯಾವುದಕ್ಕೂ ಸೇರದೆ ಪಕ್ಕದಲ್ಲಿ ಸುತ್ತಿಕೊಂಡು ಬಿದ್ದಿತ್ತು. ಎದುರಿಗೆ ಅತ್ತಿಗೆ ಒಂದು ಹಾಳೆ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಪುಟ ತೆರೆಯೋದು."

ಅವನು ಒತ್ತಿದ. "ಸರಿ," ಎಂದಳು ಅತ್ತಿಗೆ.

"ಓದಿಸೋದು."

"ಸರಿ."

"ನಿಲ್ಲಿಸೋದು."

"ಸರಿ. ಸಾಕು ಬಿಡ್ರೀ. ನಾಲ್ಕು ದಿನದಿಂದ ಒಂದ್ಸಲಾನೂ ತಪ್ಪಿಲ್ಲ ನೀವು."

"ಇಲ್ಲಿ ತಪ್ಪಲ್ಲ ಕಣೇ. ಅಲ್ಲಿ ತಪ್ಪಿತಲ್ಲ," ಎಂದ ಅಣ್ಣ.

ತಂಗಿ ಹೊಸಿಲು ದಾಟಲಿಲ್ಲ. "ಅಣ್ಣ, ತಪ್ಪು ನಂದು," ಎಂದಳು. ಆಮೇಲೆ ದನಿಯ ಕಡತದ್ದು, ತೆರೆದಿಟ್ಟ ಬಾಗಿಲಿನದು, ಒತ್ತಿ ನೋಡದೆ ಹೋದದ್ದು, ಸೋಮವಾರದ್ದು, ಎಲ್ಲವನ್ನೂ ನಿಂತಲ್ಲಿಂದಲೇ ಹೇಳಿದಳು. ಅವನಿಗೆ ಕಾಣದೆಂದು ಗೊತ್ತಿದ್ದರೂ ತಲೆ ತಗ್ಗಿಸಿಕೊಂಡೇ ಹೇಳಿದಳು.

ಅವನು ಬೈಯಲಿಲ್ಲ. ಸೋಮವಾರ ಬರುತ್ತೇನೆಂದೂ ಹೇಳಲಿಲ್ಲ. ಎರಡೂ ಕೈಗಳನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಒಂದೊಂದೇ ಬೆರಳಿನ ತುದಿಯನ್ನು ಸವರಿಕೊಂಡ.

"ಹಾಗಾದ್ರೆ ಬೆರಳು ಸರಿಯಾಗೇ ಇತ್ತು ಅನ್ನು."

"ಸರಿಯಾಗೇ ಇತ್ತು ಅಣ್ಣ."

ಅವನು ಮತ್ತೆ ಕೀಬೋರ್ಡಿನ ಮೇಲೆ ಕೈಯಿಟ್ಟು, ಅಂಚಿನಿಂದ ಎಣಿಸಿ, ಒಂದು ಕೀ ಒತ್ತಿ ಕಾದ.

"ಸರಿ," ಎಂದಳು ಅತ್ತಿಗೆ, ತಂಗಿಯನ್ನೇ ನೋಡುತ್ತ.